ಬ್ಯಾಗ್ ಎಣಿಸಲು ಕಲಿತದ್ದು

ಕಾರವಾರದಲ್ಲಿ ನರ್ಸಿಂಗ್ ಓದುವಾಗ ಮಕ್ಕಳ ವಾರ್ಡಿನಲ್ಲಿ ಒಂದು ತಪ್ಪು ಮಾತಾಡಿದ್ದೆ. ಥಲಸ್ಸೀಮಿಯಾ (ಮೈಯಲ್ಲಿ ಸರಿಯಾಗಿ ರಕ್ತ ತಯಾರಾಗದ ಹುಟ್ಟು ಕಾಯಿಲೆ) ಇದ್ದ ಎಂಟು ವರ್ಷದ ಹುಡುಗ, ಅಂಕೋಲಾ ಕಡೆಯವನು. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಲು ಬರುತ್ತಿದ್ದ. ಮುಖ ಬಿಳಿಚಿಕೊಂಡಿತ್ತು. "ರಕ್ತ ಕಡಿಮೆ ಅಲ್ವಾ ಅಕ್ಕ, ಕಬ್ಬಿಣದ ಟಾನಿಕ್ ಕೊಡಿ" ಎಂದುಬಿಟ್ಟೆ ಅವನ ತಾಯಿಗೆ. ಹಿರಿಯ ಸಿಸ್ಟರ್ ನನ್ನನ್ನು ಪಕ್ಕಕ್ಕೆ ಎಳೆದರು. "ಅವನಿಗೆ ಕಬ್ಬಿಣ ಕಡಿಮೆ ಅಲ್ಲ ಮಾರಾಯ್ತಿ, ಜಾಸ್ತಿ!"

ಈಗ ವಾರ್ಡಿಗೆ ಪೋಸ್ಟಿಂಗ್ ಮೇಲೆ ಬರುವ ನರ್ಸಿಂಗ್ ಹುಡುಗಿಯರಿಗೆ ಮೊದಲು ಲೆಕ್ಕ ಮಾಡಿಸುತ್ತೇನೆ. ಒಂದು ಬ್ಯಾಗ್ ರಕ್ತದಲ್ಲಿ ಸುಮಾರು 200 ಮಿಲಿಗ್ರಾಂ ಕಬ್ಬಿಣ. ಮೂರು ವಾರಕ್ಕೊಂದು ಅಂದರೆ ವರ್ಷಕ್ಕೆ 17 ಬ್ಯಾಗ್, 3,400 ಮಿಲಿಗ್ರಾಂ. ದೊಡ್ಡವರ ಇಡೀ ಮೈಯಲ್ಲಿ ಇರುವುದೇ 3ರಿಂದ 4 ಗ್ರಾಂ. ದಿನಕ್ಕೆ ಹೊರಗೆ ಹೋಗುವುದು 1–2 ಮಿಲಿಗ್ರಾಂ ಮಾತ್ರ. ಮಿಕ್ಕಿದ್ದು ಲಿವರ್, ಹೃದಯ, ಹಾರ್ಮೋನು ಗ್ರಂಥಿಗಳಲ್ಲಿ ಕೂರುತ್ತದೆ. ಮಗು ಎತ್ತರ ಬೆಳೆಯದೇ ಇರಬಹುದು, ಮುಂದೆ ಸಕ್ಕರೆ ಕಾಯಿಲೆ ಬರಬಹುದು, ಹೃದಯ ಸೋಲಬಹುದು.

ಅದಕ್ಕೇ ಫೈಲಿನ ಮೊದಲ ಪುಟದ ಮೂಲೆಯಲ್ಲಿ ಎರಡು ಅಂಕಿ ಬರೆದಿಡುತ್ತೇನೆ: ಈವರೆಗೆ ಎಷ್ಟು ಬ್ಯಾಗ್, ಕೊನೆಯ ಫೆರಿಟಿನ್ (ಮೈಯಲ್ಲಿ ಕೂತ ಕಬ್ಬಿಣದ ಅಂದಾಜು ಕೊಡುವ ರಕ್ತಪರೀಕ್ಷೆ) ಎಷ್ಟು. 10–20 ಬ್ಯಾಗ್ ಆಗಿ ಫೆರಿಟಿನ್ ಮಿಲಿಲೀಟರಿಗೆ 1,000 ನ್ಯಾನೋಗ್ರಾಂ ದಾಟಿದರೆ ಸಾಮಾನ್ಯವಾಗಿ ಡಾಕ್ಟರು ಕಬ್ಬಿಣ ಇಳಿಸುವ ಔಷಧಿ ಶುರು ಮಾಡುತ್ತಾರೆ. ಅದು ನೀರಲ್ಲಿ ಕದಡುವ ಡೆಫೆರಾಸಿರಾಕ್ಸ್ ಮಾತ್ರೆಯಾದರೆ ಖಾಲಿ ಹೊಟ್ಟೆಗೆ ಕುಡಿಸಬೇಕು. ಲೋಟದ ತಳದಲ್ಲಿ ಪುಡಿ ಅಂಟಿರುತ್ತದೆ, ಮತ್ತೆ ಸ್ವಲ್ಪ ನೀರು ಹಾಕಿ ಅದನ್ನೂ ಕುಡಿಸಬೇಕು. ಇದನ್ನು ತಾಯಂದಿರಿಗೆ ಮಾಡಿಯೇ ತೋರಿಸುತ್ತೇನೆ. ಸುಮ್ನೆ ಹೇಳಿದರೆ ಪುಡಿ ತೊಳೆಯುವ ನೀರಿನ ಪಾಲು. ಬೇರೆ ಮಕ್ಕಳಿಗೆ ಊಟದ ಜೊತೆ ಚಹಾ ಬೇಡ ಎನ್ನುವ ನಾನೇ ಇವರಿಗೆ "ಕುಡಿಯಲಿ ಬಿಡಿ" ಎನ್ನುತ್ತೇನೆ. ಚಹಾ ಊಟದ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲವಲ್ಲ.

ಸೋಂಕಿನ ಬಗ್ಗೆ ಹುಡುಗಿಯರೇ ಕೇಳುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಯಾದ ರಕ್ತವೇ ಬರುತ್ತದೆ. ಅವರು ಕೇಳದೇ ಇರುವುದು ಆಂಟಿಬಾಡಿ ವಿಷಯ. ಪದೇ ಪದೇ ಬೇರೆಯವರ ರಕ್ತ ಹೋದಾಗ ಮೈ ಅದರ ವಿರುದ್ಧ ಆಂಟಿಬಾಡಿ ತಯಾರಿಸಿಕೊಂಡು ತಿರುಗಬಹುದು. ಆಮೇಲೆ ಗುಂಪು ಒಂದೇ ಇದ್ದರೂ ಹೊಂದುವ ಬ್ಯಾಗ್ ಸಿಗುವುದು ಕಷ್ಟ.

ರಕ್ತ ಶುರು ಮಾಡಿದ ಮೊದಲ 15 ನಿಮಿಷ ಮಗುವಿನ ಹಾಸಿಗೆ ಪಕ್ಕದಿಂದ ಕದಲಬೇಡಿ ಎಂದೂ ಹೇಳುತ್ತೇನೆ. ಒಂದು ಮೇ ಮಧ್ಯಾಹ್ನ, ಕಡಲ ತೀರದ ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದೆ. ರಕ್ತ ಹೋಗುತ್ತಿದ್ದ ಹುಡುಗಿ "ಸಿಸ್ಟರ್, ಚಳಿ" ಎಂದಳು. ಆ ಸೆಖೆಯಲ್ಲಿ ಚಳಿ! ತಕ್ಷಣ ಕ್ಲಾಂಪ್ ಮುಚ್ಚಿದೆ, ಹೊಸ ಸೆಟ್‌ನಲ್ಲಿ ಸಲೈನ್ ಹಾಕಿದೆ, ಡಾಕ್ಟರನ್ನು ಕರೆದೆ. ಬ್ಯಾಗ್ ಸೆಟ್ ಸಮೇತ ಬ್ಲಡ್ ಬ್ಯಾಂಕಿಗೆ ಹೋಯಿತು. ಜ್ವರದ ರಿಯಾಕ್ಷನ್ ಅಷ್ಟೇ ಎಂದು ಗೊತ್ತಾಯಿತು. ಮುಂದಿನ ಸಲದಿಂದ ಅವಳಿಗೆ ಬಿಳಿ ರಕ್ತಕಣ ಸೋಸಿದ ರಕ್ತ ತರಿಸಿದರು.