ದಿನಕ್ಕೆ ಎರಡು ಸಾಲು ಕೆರೆ

ನಮ್ಮ ಮನೆ ಮೈಸೂರಿನ ಸರಸ್ವತಿಪುರಂನಲ್ಲಿದೆ. ಕುಕ್ಕರಹಳ್ಳಿ ಕೆರೆಗೆ ನಡೆದೇ ಹೋಗಬಹುದು. ವಾಕಿಂಗ್ ನನಗೆ ಹಳೇ ಅಭ್ಯಾಸ, ಮಾಯಾಲೋಕದ ದಪ್ಪ ದಪ್ಪ ಕಾದಂಬರಿಗಳ ಹುಚ್ಚು ಕಾಲೇಜಿನಿಂದಲೂ ಇದೆ, ಹೆಣಿಗೆ ಮಾತ್ರ ಹೊಸದು. ಮೂರಕ್ಕೂ ಟೈಮ್ ಎಲ್ಲಿಂದ ತರ್ತೀಯಾ ಅಂತ ಅಕ್ಕ ಕೇಳುತ್ತಾಳೆ. ಮೊದಲು ನನಗೂ ಸಿಗುತ್ತಿರಲಿಲ್ಲ. ಮೂರನ್ನೂ ಒಂದು ಶಾಲಿಗೆ ಗಂಟುಹಾಕಿದ ಮೇಲೆ ಸರಿಹೋಯಿತು.

ನಾನು ಓದುವ ಕಾದಂಬರಿಗಳ ಮೊದಲ ಪುಟದಲ್ಲಿ ಎಷ್ಟೋ ಸಲ ಒಂದು ನಕ್ಷೆ ಇರುತ್ತದೆ, ಇಲ್ಲಿ ಕಾಡು, ಇಲ್ಲಿ ರಾಜನ ಕೋಟೆ ಅಂತ. ನಮ್ಮ ಕೆರೆಯೇನು ಕಡಿಮೆ? 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು, ಕುವೆಂಪು ಓಡಾಡಿದ ಏರಿ. ಅದಕ್ಕೂ ಒಂದು ನಕ್ಷೆ ಬೇಕು ಅನ್ನಿಸಿತು. ಚಿತ್ರ ಬಿಡಿಸಲು ನನಗೆ ಬರುವುದಿಲ್ಲ. ಹಾಗಾಗಿ ಬೆಳಿಗ್ಗೆ ಕೆರೆಯಲ್ಲಿ ಕಣ್ಣಿಗೆ ಹಿಡಿಸಿದ ಒಂದು ಬಣ್ಣ, ರಾತ್ರಿ ಆ ಬಣ್ಣದಲ್ಲಿ ಎರಡೇ ಸಾಲು. ಹೆಜ್ಜಾರ್ಲೆ (ಪೆಲಿಕನ್ ಹಕ್ಕಿ) ಕಂಡರೆ ಬೂದಿ ಬಣ್ಣ, ಮಿಂಚುಳ್ಳಿಗೆ ನೀಲಿ, ಬಣ್ಣದ ಕೊಕ್ಕರೆಯ ಬಾಲದ ಹತ್ತಿರದ ಗರಿಗೆ ಗುಲಾಬಿ. ಹೋಗದ ದಿನ ಬಿಳಿ. ಅತ್ತೆಗೆ ಜ್ವರ ಬಂದ ವಾರ ಶಾಲಿನಲ್ಲಿ ಬಿಳೀ ಪಟ್ಟಿಯಾಗಿ ಕೂತಿದೆ.

40 ಕುಣಿಕೆ ಹಾಕಿಕೊಂಡೆ, 8 ನಂಬರ್ ಕಡ್ಡಿ, ಅಂದರೆ 4 ಮಿಲಿಮೀಟರ್ (ನಂಬರ್ ಜಾಸ್ತಿಯಾದಷ್ಟೂ ಕಡ್ಡಿ ಸಣ್ಣ, ಇದು ಗೊತ್ತಿಲ್ಲದೆ ಮೊದಲು ಉಲ್ಟಾ ತಂದಿದ್ದೆ). ಅಗಲ ಸುಮಾರು 8 ಇಂಚು ಬಂತು. ಎರಡೂ ಕಡೆ ಬರೀ ಸೀದಾ ಹೆಣಿಗೆ. ಒಂದು ಸಾಲು ಸೀದಾ, ಒಂದು ಉಲ್ಟಾ ಹಾಕಿದರೆ ಅಂಚು ಸುರುಳಿ ಸುತ್ತುತ್ತದೆ, ಇದು ಚಪ್ಪಟೆಯಾಗಿ ಕೂರುತ್ತದೆ. ನನ್ನ ಕೈಗೆ ಹತ್ತು ಸಾಲಿಗೆ ಒಂದಿಂಚು. 60 ಇಂಚಿಗೆ 300 ದಿನ ಬೇಕು. ಬೇಕಾದರೆ ಬೇಕಾಗಲಿ!

"ಏನಮ್ಮಾ, ಈ ಸೆಕೆಯಲ್ಲಿ ಉಲ್ಲನ್ ಹಿಡ್ಕೊಂಡು ಕೂತಿದ್ದೀಯಲ್ಲ" ಅಂದರು ಅತ್ತೆ. ಅವರು ಹೇಳಿದ್ದು ಸರಿ, ಏಪ್ರಿಲ್‌ನಲ್ಲಿ ಕೈ ಬೆವರಿ ನೂಲು ಕಡ್ಡಿಗೆ ಅಂಟುತ್ತಿತ್ತು. ಅದಕ್ಕೇ ಹತ್ತಿ ನೂಲಿಗೆ ಬಂದೆ. ಆದರೆ ಹತ್ತಿಗೆ ಉಣ್ಣೆಯ ಹಾಗೆ ಹಿಗ್ಗಿ ಕುಗ್ಗುವ ಗುಣ ಇಲ್ಲ, ಜಗ್ಗಿದರೆ ಜಗ್ಗಿಯೇ ಉಳಿಯುತ್ತದೆ. ಹತ್ತಿಯಲ್ಲಿ ಮೊದಲು ಹೆಣೆದ ಮಫ್ಲರನ್ನು ಒಗೆದು ತಂತಿಗೆ ನೇತುಹಾಕಿ ಗೇಣುದ್ದ ಜಾಸ್ತಿ ಮಾಡಿಕೊಂಡಿದ್ದೇನೆ. ಈಗ ಟವೆಲ್ ಮೇಲೆ ಹರಡಿ ಒಣಗಿಸುತ್ತೇನೆ.

ಇನ್ನೊಂದು ಎಡವಟ್ಟು ಹೇಳಲೇಬೇಕು. 40 ಇದ್ದ ಕುಣಿಕೆ ಒಂದು ದಿನ ಎಣಿಸಿದರೆ 43! ಸಾಲು ಶುರುಮಾಡುವಾಗ ನೂಲನ್ನು ಕಡ್ಡಿಯ ಮೇಲಿಂದ ಹಿಂದಕ್ಕೆ ಎಳೆದರೆ ಮೊದಲನೇ ಕುಣಿಕೆ ಎರಡರಂತೆ ಕಾಣುತ್ತದೆ, ನಾನು ಎರಡನ್ನೂ ಹೆಣೆಯುತ್ತಿದ್ದೆ. ನೂಲನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತಂದರೆ ಆ ತೊಂದರೆ ಇಲ್ಲ. ಅವತ್ತು ಏಳು ದಿನದ ಕೆರೆಯನ್ನು ಬಿಚ್ಚಿದೆ, ಹೊಟ್ಟೆ ಉರಿಯಿತು. ಬಣ್ಣ ಬದಲಾದಾಗಲೆಲ್ಲ ಉಳಿಯುವ ತುದಿಗಳನ್ನು ಒಳಗೆ ಸೇರಿಸುವ ತಾಳ್ಮೆ ನನಗಿಲ್ಲ. ಎರಡೆರಡು ಸಾಲಿಗೆ ಬದಲಿಸುವುದರಿಂದ ಎಲ್ಲ ತುದಿಯೂ ಒಂದೇ ಪಕ್ಕಕ್ಕೆ ಬರುತ್ತವೆ, ಗಂಟುಹಾಕಿ ಕುಚ್ಚು ಅಂತ ಬಿಟ್ಟಿದ್ದೇನೆ.

ಓದು ಯಾವಾಗಲೂ ಹೆಣಿಗೆ ಆದ ಮೇಲೆ. ಮೊದಲು ಪುಸ್ತಕ ತೆರೆದರೆ ಡ್ರ್ಯಾಗನ್ ಬಿಟ್ಟು ಎದ್ದು ಬರಲು ಆಗುತ್ತದೆಯೇ? ಎರಡು ಸಾಲಿಗೆ ಹತ್ತು ನಿಮಿಷ ಸಾಕು. ಆಮೇಲೆ ನಿದ್ದೆ ಬರುವವರೆಗೂ ಓದು, ಸುಮ್ನೆ, ಪುಟದ ಲೆಕ್ಕ ಇಡದೆ.

ನಿನ್ನೆ ಹಾವಕ್ಕಿಯೊಂದು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಾ ಕೂತಿತ್ತು. ಮನೆಗೆ ಬಂದು ನೋಡಿದರೆ ಕಪ್ಪು ನೂಲು ಒಂದೂವರೆ ಸಾಲಿಗೇ ಮುಗಿಯಿತು. ಸಂಜೆ ಮಾರ್ಕೆಟ್ ಕಡೆ ಹೋಗಬೇಕು.