ದಿವೆ ಘಾಟ್ ಏರಿದ ಹನ್ನೊಂದು ಹಳೆಯ ಕಾರು

ಪುಣೆಗೆ ಕಟ್ಟಡ ಕೆಲಸಕ್ಕೆಂದು ಬಂದವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯವರು ಬಹಳ. ಅವರ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಗೆ ಹೋದರೆ ಮರಾಠಿ. ಹಡಪಸರದ ಹತ್ತಿರ ಒಂದು ಲೇಬರ್ ಕ್ಯಾಂಪಿನಲ್ಲಿ ಎರಡೂ ಭಾಷೆ ಬಲ್ಲ ಟೀಚರ್ ಒಬ್ಬರು ಸಂಜೆ ಪಾಠ ಹೇಳುತ್ತಾರೆ. ಅವರ ಒಂದು ವರ್ಷದ ಸಂಬಳ ಕೂಡಿಸಲು, ಹಳೆಯ ಕಾರು ಇಟ್ಟುಕೊಂಡಿರುವ ನಾವು ಗೆಳೆಯರು ಫೆಬ್ರವರಿಯ ಒಂದು ಶನಿವಾರ ಖಂಡೋಬ ದೇವರ ಊರಾದ ಜೇಜುರಿಗೆ ಹೋಗಿಬಂದೆವು. ಏರ್ಪಾಡು ನನ್ನ ಪಾಲಿಗೆ ಬಂದಿತ್ತು.

ತಿಂಗಳಿಗೆ 12,000 ಅಂದರೆ ವರ್ಷಕ್ಕೆ 1,44,000 ರೂಪಾಯಿ ಬೇಕು. ಕಾರಿನವರಿಂದ ತಲಾ 3,000 ತೆಗೆದುಕೊಂಡರೂ 33,000 ದಾಟುವುದಿಲ್ಲ. ದಾರಿ ತೋರಿಸಿದವರು ನಮ್ಮ ಸೊಸೈಟಿಯ ಧಾರವಾಡದ ಅಜ್ಜಿ. 'ತಮ್ಮಾ, ನಮ್ಮ ಯಜಮಾನ್ರ ಹತ್ರನೂ ಇಂಥಾದ್ದ ಫಿಯಾಟ್ ಇತ್ತು. ಒಮ್ಮೆ ಕೂಡಿಸ್ಕೊಂಡು ಹೋಗು, ನಾನೂ ರೊಕ್ಕಾ ಕೊಡ್ತೇನಿ' ಅಂದರು. ಪ್ರತಿ ಕಾರಿನಲ್ಲೂ ಮೂರು ಸೀಟು ಖಾಲಿ ಇರುತ್ತವೆ ಎಂಬುದು ನಮಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಆದರೆ ಸೀಟಿಗೆ ಬೆಲೆ ಕಟ್ಟುವಂತಿಲ್ಲ. ಬಿಳಿ ನಂಬರ್ ಪ್ಲೇಟಿನ ಖಾಸಗಿ ಗಾಡಿಯಲ್ಲಿ ಬಾಡಿಗೆಗೆ ಜನರನ್ನು ಒಯ್ಯುವುದು ಕಾನೂನಿಗೆ ವಿರುದ್ಧ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಬಂದ ವಿಂಟೇಜ್ ನೋಂದಣಿಯಲ್ಲೂ ವ್ಯಾಪಾರದ ಬಳಕೆಗೆ ಅವಕಾಶವಿಲ್ಲ. ಹಾಗಾಗಿ ದೇಣಿಗೆಯನ್ನು ನೇರವಾಗಿ ಪಾಠ ನಡೆಸುವ ಟ್ರಸ್ಟಿನ ಖಾತೆಗೇ ಹಾಕಿಸಿದೆವು. ಎಷ್ಟು ಕೊಟ್ಟರು ಎಂದು ನೋಡದೆ, ಕೇಳಿದವರಲ್ಲಿ ಹಿರಿಯರಿಗೆ ಮೊದಲು ಸೀಟು ಕೊಟ್ಟೆವು. ನಗದು ಬೇಡವೆಂದೆವು, 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಸಿಗುವುದಿಲ್ಲ. ಹೊರಡುವ ಮುಂಚೆಯೇ 1,61,500 ಕೂಡಿತ್ತು. ಅದರಲ್ಲಿ ಹೆಚ್ಚಿನ ಪಾಲು ಕಾರೇ ಇಲ್ಲದವರದು.

ನನ್ನದು 1973ರ ಪ್ರೀಮಿಯರ್ ಪ್ರೆಸಿಡೆಂಟ್, ಅಜ್ಜಿ ಹೇಳಿದ ಫಿಯಾಟೇ. ಮುಂಬೈಯ ಕುರ್ಲಾದಲ್ಲಿ ತಯಾರಾದದ್ದು, 1089 ಸಿಸಿ. ಮರುವರ್ಷ ಈ ಮಾದರಿಗೇ ಪದ್ಮಿನಿ ಎಂದು ಹೆಸರಾಯಿತು. ಇಂಥ ಕಾರುಗಳಿಗೆ ಜೇಜುರಿ ದಾರಿ ಒಳ್ಳೆಯದು. ಪುಣೆಯಿಂದ 50 ಕಿಲೋಮೀಟರಿನ ಒಳಗೆ, ನಡುವೆ ಒಂದೇ ಘಾಟ್, ದಿವೆ ಘಾಟ್. ಭಾನುವಾರ ಮಾತ್ರ ಬೇಡ. ಖಂಡೋಬನ ವಾರ ಅದು, ಊರಿನೊಳಗೆ ಗಾಡಿ ಅಲ್ಲಾಡುವುದಿಲ್ಲ.

ಬೆಳಿಗ್ಗೆ ಆರಕ್ಕೆ ಹಡಪಸರ ಬಿಟ್ಟೆವು. ಎಲ್ಲಕ್ಕಿಂತ ನಿಧಾನದ ಮಾರಿಸ್ ಮೈನರನ್ನು ಎಲ್ಲರ ಮುಂದೆ ಬಿಟ್ಟಿದ್ದೆ. ನಿಧಾನದ ಗಾಡಿ ಹಿಂದಿದ್ದರೆ ಸಾಲು ಚದುರುತ್ತದೆ, ಒಂಟಿಯಾದವರು ಗಾಬರಿಯಿಂದ ಎಂಜಿನ್ ಹಿಂಡುತ್ತಾರೆ. ಕೊನೆಯಲ್ಲಿ ಮೆಕ್ಯಾನಿಕ್ ಕೂತ ವ್ಯಾನ್. ಅದರಲ್ಲಿ ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ಎರಡು ಕ್ಯಾನ್ ನೀರು, ಹಳೆಯ ಟವೆಲ್ಲುಗಳು.

ಆ ಟವೆಲ್ಲೇ ಕೆಲಸಕ್ಕೆ ಬಂದದ್ದು. ಮಸ್ತಾನಿ ಕೆರೆ ಕೆಳಗೆ ಬಿಟ್ಟು ಘಾಟ್ ಏರುವಾಗ ಮೂರನೇ ಕಾರು, ಒಂದು ಅಂಬಾಸಿಡರ್, ಕೆಮ್ಮಿ ನಿಂತಿತು. ಲಾರಿಯ ಹಿಂದೆ ಮೊದಲ ಗೇರಿನಲ್ಲಿ ತೆವಳಿ ತೆವಳಿ ಬಾನೆಟ್ಟಿನೊಳಗೆ ಗಾಳಿಯಾಡಿರಲಿಲ್ಲ. ಪೆಟ್ರೋಲ್ ಪೈಪಿನಲ್ಲೇ ಆವಿಯಾದರೆ ಪಂಪ್ ಅದನ್ನು ಎಳೆಯಲಾರದು. ಇಂಥ ಹೊತ್ತಿನಲ್ಲಿ ಸ್ಟಾರ್ಟರ್ ತಿರುಗಿಸುತ್ತಾ ಕೂತರೆ ಬ್ಯಾಟರಿ ಮುಗಿಯುತ್ತದೆ ಅಷ್ಟೇ. ಬಾನೆಟ್ ತೆಗೆದು, ಪಂಪಿನ ಮೇಲೂ ಪೈಪಿನ ಮೇಲೂ ಒದ್ದೆ ಟವೆಲ್ ಸುತ್ತಿ, ಕಾಲು ತಾಸು ಕಾದೆವು. ಮೊದಲ ಸುತ್ತಿಗೇ ಹೊತ್ತಿಕೊಂಡಿತು. ಅಷ್ಟರಲ್ಲಿ ಬಿಸಿಲು ಕಣಿವೆಗೆ ಇಳಿದಿತ್ತು. ಹಿರಿಯರೆಲ್ಲ ರಸ್ತೆಯಂಚಿನ ಕಟ್ಟೆಗೆ ಆತು ನಿಂತು ನೋಡುತ್ತಿದ್ದರು. ಅಜ್ಜಿ ಮಾತ್ರ ಕಾರಿನಿಂದ ಇಳಿಯಲಿಲ್ಲ. ಸ್ಟೇರಿಂಗಿನ ಪಕ್ಕದ ಗೇರ್ ಕಡ್ಡಿಯನ್ನು ಒಮ್ಮೆ ಹಿಡಿದು ನೋಡಿ ಕೈ ತೆಗೆದರು. ನಾನೂ ಏನೂ ಕೇಳಲಿಲ್ಲ.

ಸಾಸವಡದಲ್ಲಿ ಚಹಾ, ಪುರಂದರದ ಅಂಜೂರ. ಕ್ಯಾಂಪಿನ ಆರು ಮಕ್ಕಳೂ ಟೀಚರ್ ಜೊತೆ ಬಂದಿದ್ದರು. ಜೇಜುರಿಯ ಮೆಟ್ಟಿಲ ಬುಡದಲ್ಲಿ ಜನ 'ಯಳಕೋಟ ಯಳಕೋಟ' ಎಂದು ಕೂಗುತ್ತಾ ಭಂಡಾರದ ಅರಿಶಿನ ಎರಚುತ್ತಿದ್ದುದನ್ನು ಕೇಳಿ ಯಾದಗಿರಿಯ ಒಬ್ಬ ಹುಡುಗ ತಿರುಗಿ, 'ಟೀಚರ್, ಇದು ನಮ್ಮ ಮೈಲಾರಲಿಂಗನ ಏಳುಕೋಟಿ ಅಲ್ಲೇನ್ರಿ?' ಅಂದ. ಹೌದು, ಅದೇ ದೇವರು, ಅದೇ ಮಾತು. ಮರಾಠಿಯವರ ಬಾಯಲ್ಲಿ ತನ್ನ ಮನೆಯ ಮಾತು ಕೇಳಿದ ಆ ಹುಡುಗನ ಮುಖ ಇನ್ನೂ ಕಣ್ಣ ಮುಂದಿದೆ.

ಮರಳುವಾಗ ಘಾಟ್ ಇಳಿಯಲು ಹತ್ತುವುದಕ್ಕಿಂತ ಎಚ್ಚರ ಬೇಕು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಒತ್ತುತ್ತಲೇ ಇದ್ದರೆ ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಮಾಡಬೇಡಿ ಎಂದು ಪ್ರತಿ ಕಿಟಕಿಗೂ ಹೋಗಿ ಹೇಳಿದೆ.

ಒಂದು ಕೆಲಸ ಉಳಿದಿದೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿಗೆ ಹಳೆಯ ರಬ್ಬರ್ ಪೈಪು ತಡೆಯುವುದಿಲ್ಲ. ಮರಳಿ ಬಂದು ನೋಡಿದಾಗ ನನ್ನ ಕಾರಿನದು ಬಿರುಕು ಬಿಟ್ಟಿತ್ತು. ಹನ್ನೊಂದೂ ಕಾರಿಗೆ ಹೊಸ ಪೈಪು ಹಾಕಿಸಿಯೇ, ಮಳೆಗಾಲ ಮುಗಿದ ಮೇಲೆ ಭೋರ್ ಕಡೆ ಹೊರಡುತ್ತೇವೆ.