ಪದ್ಮಿನಿಗೆ ಎರಡು ಕಾಯಿಲ್: ನನ್ನ ಅನುಭವ

ಪ್ಲಗ್ಗಿಗೆ ಸ್ಪಾರ್ಕ್ ಕೊಡುವ ಕಾಯಿಲಿನ ಕರೆಂಟನ್ನು ಹೊತ್ತು ಹೊತ್ತಿಗೆ ಕಡಿಯುವ ಪಾಯಿಂಟ್ ಕಿತ್ತು, ಆ ಕೆಲಸಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಕೊಂಡ ಪ್ರೀಮಿಯರ್ ಪದ್ಮಿನಿ ಕಾರುಗಳು ಕಾಸರಗೋಡು ಸೀಮೆಯಲ್ಲಿ ಈಗಲೂ ಅಲ್ಲೊಂದು ಇಲ್ಲೊಂದು ಕಾಣಸಿಗುತ್ತವೆ. ಆದರೆ ಸ್ಪಾರ್ಕನ್ನು ಸರದಿಯಂತೆ ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರಿನ ರೋಟರ್ ಇಲ್ಲದೆ, ಅದರ ಕ್ಯಾಪಿನಿಂದ ಪ್ಲಗ್ಗಿಗೆ ಒಂದು ವಯರೂ ಹೋಗದೆ, ಎರಡು ಕಾಯಿಲುಗಳಿಂದ ನೇರ ಸ್ಪಾರ್ಕ್ ಪಡೆದು ಓಡುವ ಪದ್ಮಿನಿ, ನಾನು ತಿಳಿದ ಮಟ್ಟಿಗೆ, ಬದಿಯಡ್ಕದಿಂದ ಮಂಜೇಶ್ವರದವರೆಗೆ ನನ್ನದೊಂದೇ. ಇದು ಒಂದು ಮಳೆಗಾಲವನ್ನೂ ದಾಟುವುದಿಲ್ಲ ಎಂದವರೆದುರಿಗೇ ಎರಡು ಮಳೆಗಾಲ ದಾಟಿದ ಮೇಲೆ ಈ ಬರಹಕ್ಕೆ ಕೈಹಾಕಿದ್ದೇನೆ.

ನನ್ನ ತಕರಾರು ಪಾಯಿಂಟಿನ ಮೇಲಿದ್ದದ್ದಕ್ಕಿಂತ ಕ್ಯಾಪಿನ ಮೇಲೆ ಹೆಚ್ಚಾಗಿತ್ತು. ಜೂನ್ ಹಿಡಿಯಿತೆಂದರೆ ನಮ್ಮ ಕಡೆ ಕ್ಯಾಪಿನ ಒಳಮೈ ಬೆವರುತ್ತದೆ. ಸ್ಪಾರ್ಕ್ ಒಂದು ಸಲ ಆ ತೇವದ ಮೇಲೆ ದಾರಿ ಮಾಡಿಕೊಂಡರೆ ಕೂದಲೆಳೆಯಷ್ಟು ಕಪ್ಪು ಗೆರೆ ಮೂಡುತ್ತದೆ, ಆಮೇಲೆ ಒರೆಸಿದರೂ ಒಣಗಿಸಿದರೂ ಕರೆಂಟು ಆ ಗೆರೆಯನ್ನೇ ಹಿಡಿದು ಹೋಗುತ್ತದೆ. ಈಗ ಸಿಗುವ ಡೂಪ್ಲಿಕೇಟ್ ಕ್ಯಾಪುಗಳಲ್ಲಿ ಈ ರೋಗ ಇನ್ನೂ ಬೇಗ ಬರುತ್ತದೆ. ಜೊತೆಗೆ, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರುಗಳ ಕಥೆ ಎಲ್ಲರಿಗೂ ಗೊತ್ತೇ ಇದೆ: ಡಬ್ಬಿಯಿಂದ ತೆಗೆದ ಹೊಸದೇ ಸತ್ತಿರುತ್ತದೆ. ವರ್ಷಕ್ಕೆ ಸುಮಾರು 2,500 ರೂಪಾಯಿ ಈ ಸಣ್ಣ ಸಾಮಾನುಗಳಿಗೇ ಹೋಗುತ್ತಿತ್ತು.

ಉಪಾಯ ಹೊಳೆದದ್ದು ಊರಿನಲ್ಲಲ್ಲ. ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಮಜ್ದಾ ಆರ್‌ಎಕ್ಸ್-7 ಕಾರೊಂದು ಬರುತ್ತಿತ್ತು. ಮೊದಲ ತಲೆಮಾರಿನದು, 1146 ಸಿಸಿಯ 12ಎ ರೋಟರಿ ಎಂಜಿನ್. ಅದರಲ್ಲಿ ಪಿಸ್ಟನ್ನಿನ ಬದಲು ತಿರುಗುವ ರೋಟರ್ ಎರಡು (ಡಿಸ್ಟ್ರಿಬ್ಯೂಟರಿನ ರೋಟರ್ ಬೇರೆ), ಪ್ಲಗ್ ನಾಲ್ಕು: ಒಂದೊಂದು ರೋಟರಿಗೆ ಮೊದಲು ಹೊಡೆಯುವ ಒಂದು ಲೀಡಿಂಗ್, ಅದರ ಹಿಂದೆ ಹೊಡೆಯುವ ಒಂದು ಟ್ರೇಲಿಂಗ್. ಎರಡನೆಯ ತಲೆಮಾರಿನ ಆರ್‌ಎಕ್ಸ್-7ರ ಎರಡು ಬಾಯಿಯ ಲೀಡಿಂಗ್ ಕಾಯಿಲನ್ನು ತಂದು, ಪಾಯಿಂಟಿನ ಬದಲು ಕಾಯಿಲಿನ ಕರೆಂಟು ಕಡಿಯುವ, ಜನರಲ್ ಮೋಟರ್ಸಿನ ನಾಲ್ಕು ಪಿನ್ನಿನ ಎಚ್‌ಇಐ ಮಾಡ್ಯೂಲಿಗೆ ಜೋಡಿಸಿ, ಲೀಡಿಂಗ್ ಪ್ಲಗ್ ಎರಡಕ್ಕೂ ಒಮ್ಮೆಗೇ ನೇರ ಸ್ಪಾರ್ಕ್ ಕೊಡುವುದು ಆ ಕಾರಿನವರಲ್ಲಿ ಹಳೆಯ ಪದ್ಧತಿ. ಒಂದು ರೋಟರಿಗೆ ಬೇಕಾದ ಸ್ಪಾರ್ಕ್ ಇನ್ನೊಂದರಲ್ಲಿ ಸುಮ್ಮನೆ ವ್ಯರ್ಥವಾಗುತ್ತದೆ, ಅದರಿಂದ ಕೇಡಿಲ್ಲ. ಟ್ರೇಲಿಂಗಿಗೆ ಈ ಆಟ ನಡೆಯುವುದಿಲ್ಲವಾದ್ದರಿಂದ ಅದನ್ನು ಡಿಸ್ಟ್ರಿಬ್ಯೂಟರಿನಲ್ಲೇ ಬಿಟ್ಟಿದ್ದೆವು. ಬಿಸಿ ಎಂಜಿನ್ ಸ್ಟಾರ್ಟ್ ಆಗುವುದರಲ್ಲಿ ಆದ ವ್ಯತ್ಯಾಸವನ್ನು ಕಂಡ ದಿನವೇ ನಮ್ಮ ಪದ್ಮಿನಿಯ ನೆನಪಾಯಿತು. ರಜೆಗೆ ಬರುವಾಗ ಮಾಡ್ಯೂಲ್ ಮೂರು ತಂದೆ. ಒಂದಕ್ಕೆ 50 ದಿರ್ಹಮ್‌ನ ಆಸುಪಾಸು ಕೊಟ್ಟ ನೆನಪು.

ಪದ್ಮಿನಿಯ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳು ಹೊಡೆಯುವ ಸರದಿ, 1-3-4-2. 1 ಮತ್ತು 4ರ ಪಿಸ್ಟನ್‌ಗಳು ಒಟ್ಟಿಗೇ ಮೇಲೆ ಬರುತ್ತವೆ, 2 ಮತ್ತು 3ರವೂ ಹಾಗೆಯೇ. ಹಾಗಾಗಿ 1 ಮತ್ತು 4ಕ್ಕೆ ಒಂದು ಕಾಯಿಲ್, 2 ಮತ್ತು 3ಕ್ಕೆ ಇನ್ನೊಂದು. ಎಲೆಕ್ಟ್ರಾನಿಕ್ಸ್ ಬಲ್ಲ ಸಂಬಂಧಿಕರೊಬ್ಬರು, ಹೊಡೆಯುವ ಹೊತ್ತನ್ನು ಮಾಡ್ಯೂಲಿಗೆ ತಿಳಿಸುವ ಪಿಕಪ್ ಎರಡು ಯಾಕೆ, ಎರಡೂ ಕಾಯಿಲುಗಳನ್ನು ಒಂದೇ ಮಾಡ್ಯೂಲಿಗೆ ಕಟ್ಟಿ ನಾಲ್ಕೂ ಪ್ಲಗ್ಗಿಗೆ ಒಟ್ಟಿಗೆ ಹೊಡೆಸಿದರೆ ಆಯಿತಲ್ಲ ಎಂದು ಹಠ ಹಿಡಿದರು. ಒಂದನೆಯ ಸಿಲಿಂಡರ್ ಹೊಡೆಯುವ ಹೊತ್ತಿಗೆ ಮೂರನೆಯದು ಕೆಳಗಡೆ ಮಿಶ್ರಣ ತುಂಬಿಕೊಂಡು, ಇನ್‌ಲೆಟ್ ವಾಲ್ವ್ ತೆರೆದುಕೊಂಡೇ ನಿಂತಿರುತ್ತದೆ ಎಂದರೆ ಅವರು ಒಪ್ಪಲಿಲ್ಲ. ಏರ್ ಫಿಲ್ಟರ್ ಬಿಚ್ಚಿ, ಅವರನ್ನು ಬದಿಗೆ ನಿಲ್ಲಿಸಿ, ಒಮ್ಮೆ ಸೆಲ್ಫ್ ಹೊಡೆದು ತೋರಿಸಿದೆ. ಕಾರ್ಬ್ಯುರೇಟರಿನ ಬಾಯಿಂದ ಗೇಣುದ್ದ ಬೆಂಕಿ ಬಂದ ಮೇಲೆ ಚರ್ಚೆ ಮುಗಿಯಿತು.

ಎಲ್ಲಕ್ಕಿಂತ ಮೊದಲು ಡಿಸ್ಟ್ರಿಬ್ಯೂಟರಿನ ಬುಷ್ ಹೊಸದಾಗಬೇಕು. ಶಾಫ್ಟ್ ಅಲುಗಾಡುತ್ತಿದ್ದರೆ ಮೇಲೆ ಏನು ಕೂರಿಸಿದರೂ ದಂಡ. ಕಂಚಿನ ಬುಷ್ ತಿರುಗಿಸಲು ಲೇತಿನವನು ತೆಗೆದುಕೊಂಡದ್ದು 600 ರೂಪಾಯಿ. ರೋಟರ್ ಕೂರುತ್ತಿದ್ದ ಜಾಗದಲ್ಲೇ ಎರಡು ಹಲ್ಲಿನ ಕಬ್ಬಿಣದ ರಿಲಕ್ಟರ್, ಅಂದರೆ ತಿರುಗುತ್ತಾ ಪಿಕಪ್‌ನಲ್ಲಿ ಸಿಗ್ನಲ್ ಹುಟ್ಟಿಸುವ ಬಿಲ್ಲೆ, ಕೂರಿಸಿದೆವು. ಹೀಗೆ ಮಾಡಿದ್ದರಿಂದ ವೇಗ ಏರಿದಂತೆ ಸ್ಪಾರ್ಕನ್ನು ಮುಂದಕ್ಕೆ ತರುವ ಕೆಳಗಿನ ಅಡ್ವಾನ್ಸ್ ವೆಯ್ಟುಗಳು ಮೊದಲಿನಂತೆಯೇ ಕೆಲಸ ಮಾಡುತ್ತವೆ; ಕ್ರ್ಯಾಂಕ್ ಪುಲ್ಲಿಯ ಮೇಲೆ ಪಿಕಪ್ ಇಟ್ಟವರಿಗೆ ಈ ಲಾಭವಿಲ್ಲ. ಪಿಕಪ್ ಎಂದರೆ ಬೈಕಿನ ಪಲ್ಸರ್ ಕಾಯಿಲ್, 150 ರೂಪಾಯಿಯದು, ಎರಡು. ರಿಲಕ್ಟರಿಗೂ ಅದಕ್ಕೂ ನಡುವಿನ ಗ್ಯಾಪ್ 0.4 ಮಿಲಿಮೀಟರಿನ ಹತ್ತಿರ ಇರಬೇಕು. ಇದಕ್ಕಿಂತ ಹೆಚ್ಚಾದರೆ ಸೆಲ್ಫ್ ಹೊಡೆಯುವಾಗಿನ ನಿಧಾನ ಗತಿಯಲ್ಲಿ ಮಾಡ್ಯೂಲಿಗೆ ಸಿಗ್ನಲ್ ಸಾಲುವುದಿಲ್ಲ.

ಆ ಎರಡು ಪಿಕಪ್‌ಗಳ ನಡುವಿನ ಕೋನ 90 ಡಿಗ್ರಿಯೇ ಆಗಿರಬೇಕೆಂಬುದರಲ್ಲಿ ಇಡೀ ಕೆಲಸದ ಜೀವವಿದೆ. ಡಿಸ್ಟ್ರಿಬ್ಯೂಟರ್ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿ ಒಂದು ಡಿಗ್ರಿ ತಪ್ಪಿದರೆ ಕ್ರ್ಯಾಂಕಿನಲ್ಲಿ ಎರಡು ಡಿಗ್ರಿ ತಪ್ಪಿದಂತೆ. ಮೊದಲ ಪ್ಲೇಟಿನಲ್ಲಿ 1-4ರ ಜೋಡಿಗೂ 2-3ರ ಜೋಡಿಗೂ ಮೂರು ಡಿಗ್ರಿಯಷ್ಟು ಅಂತರ ಬಂದು, ಐಡಲಿಂಗಿನಲ್ಲಿ ಎಂಜಿನ್ ಕುಂಟುತ್ತಿತ್ತು. ಪುಲ್ಲಿಯ ಮೇಲೆ ಹಳೆಯ ಗುರುತಿಗೆ ಸರಿ ಎದುರು ಇನ್ನೊಂದು ಗುರುತು ಕೊರೆದು, ಸ್ಪಾರ್ಕಿನ ಹೊತ್ತಿಗೇ ಮಿನುಗಿ ಗುರುತು ತೋರಿಸುವ ಟೈಮಿಂಗ್ ಲೈಟನ್ನು ಒಂದನೆಯ ಪ್ಲಗ್ಗಿಗೂ ಮೂರನೆಯದಕ್ಕೂ ಬದಲಿಸಿ ಹಾಕಿದಾಗಲೇ ಅದು ಕಣ್ಣಿಗೆ ಬಿದ್ದದ್ದು. ಎರಡನೆಯ ಪ್ಲೇಟಿನಲ್ಲಿ ಅರ್ಧ ಡಿಗ್ರಿಯೊಳಗೆ ತಂದೆವು. ಅದನ್ನು ಹೇಗೆ ಸಾಧಿಸಿದೆವು ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದರಲ್ಲಿ ಲೇತಿನವನ ತಲೆಯ ಪಾಲೂ ಇದೆ, ಬೇಕಾದವರು ಅವನಿಗೆ ನಾಲ್ಕು ಕಾಸು ಕೊಟ್ಟು ಮಾಡಿಸಿಕೊಳ್ಳಲಿ. ಅಂದ ಹಾಗೆ, ಅಡ್ವಾನ್ಸ್ ತೋರಿಸುವ ಡಯಲ್ ಇರುವ ದುಬಾರಿ ಲೈಟುಗಳು ಇಲ್ಲಿ ದಾರಿ ತಪ್ಪಿಸುತ್ತವೆ, ಯಾಕೆಂದರೆ ಎರಡು ಸುತ್ತಿಗೊಮ್ಮೆ ಹೊಡೆಯಬೇಕಾದ ಪ್ಲಗ್ ಇಲ್ಲಿ ಕ್ರ್ಯಾಂಕಿನ ಪ್ರತಿ ಸುತ್ತಿಗೂ ಹೊಡೆಯುತ್ತದೆ. ಡಯಲ್ ಇಲ್ಲದ ಅಗ್ಗದ ಲೈಟೇ ಸಾಕು.

ಪಿಕಪ್‌ನ ಎರಡು ವಯರುಗಳು ಅದಲುಬದಲಾದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಅದೇ ಮೋಸ. ರೇಸ್ ಮಾಡಿದಂತೆ ಟೈಮಿಂಗ್ ಮುಂದಕ್ಕೆ ಹೋಗುವ ಬದಲು ಗುರುತು ಹಿಂದಕ್ಕೆ ಜಾರುವುದು ಕಂಡರೆ ವಯರು ತಿರುಗಿಸಿ ಹಾಕಬೇಕು. ಮಾಡ್ಯೂಲಿನ ಅರ್ತ್ ಅದರ ಸ್ಕ್ರೂಗಳ ಮೂಲಕವೇ ಆಗುವುದರಿಂದ ಕೆಳಗಿನ ಅಲ್ಯುಮಿನಿಯಂ ಪಟ್ಟಿಗೆ ಪೇಂಟ್ ಬಳಿಯಬಾರದು, ಹೀಟ್ ಪೇಸ್ಟ್ ಹಚ್ಚಲು ಮರೆಯಬಾರದು. ತಂದ ಮೂರರಲ್ಲಿ ಒಂದು ಬಿಸಿಗೆ ಸತ್ತದ್ದು ಪೇಸ್ಟ್ ಒಣಗಿದ್ದರಿಂದ. ತಾಮ್ರದ ತಂತಿಯ ಪ್ಲಗ್ ವಯರು ಹಾಕಿದಾಗ ಪಿಕಪ್ ಸಿಗ್ನಲ್ ಕೆಟ್ಟು 3,000 ಆರ್‌ಪಿಎಂ ಮೇಲೆ ಮಿಸ್ಸಿಂಗ್ ಬಂತು. ರೆಸಿಸ್ಟರ್ ವಯರು ಹಾಕಿ, ಪಿಕಪ್‌ನ ವಯರುಗಳನ್ನು ಒಂದಕ್ಕೊಂದು ಹೆಣೆದ ಮೇಲೆ ಅದು ನಿಂತಿತು.

ಕಾಯಿಲಿನ ವಿಷಯದಲ್ಲಿ ಹಣ ಹೆಚ್ಚು ಪೋಲಾಯಿತು. ಬೈಕಿನ ಎರಡು ಬಾಯಿಯ ಕಾಯಿಲುಗಳ ಪ್ರೈಮರಿ ಸುರುಳಿಯ ರೆಸಿಸ್ಟೆನ್ಸ್ 3–4 ಓಮ್ ಇರುವುದರಿಂದ ಸ್ಪಾರ್ಕಿನಲ್ಲಿ ದಮ್ಮಿರಲಿಲ್ಲ. ಕೊನೆಗೆ ಮಂಗಳೂರಿನ ಗುಜರಿಯಲ್ಲಿ ಅರ್ಧ ಓಮಿನ ಜೋಡಿ 1,300ಕ್ಕೆ ಸಿಕ್ಕಿತು. ಕರೆಂಟನ್ನು ಮಾಡ್ಯೂಲೇ ಮಿತಿಯಲ್ಲಿಡುವುದರಿಂದ ಕರೆಂಟು ತಗ್ಗಿಸುವ ಬಾಲಸ್ಟ್ ರೆಸಿಸ್ಟರ್ ಬೇಡ. ನಡುವೆ, ಕೆಪಾಸಿಟರಿನಲ್ಲಿ ತುಂಬಿಟ್ಟ ಕರೆಂಟನ್ನು ಒಮ್ಮೆಲೇ ಕಾಯಿಲಿಗೆ ಬಿಡುವ ಬೈಕಿನ ಸಿಡಿಐ ಪೆಟ್ಟಿಗೆಯನ್ನೂ ಪರೀಕ್ಷೆಗೆ ಹಾಕಿದ್ದೆ. ಸ್ಪಾರ್ಕ್ ನೋಡಲು ಬೆಳ್ಳಗೆ, ಚಟ್ ಎನ್ನುವಂಥದ್ದು, ಆದರೆ ಕ್ಷಣಮಾತ್ರದ್ದು. ಐಡಲಿಂಗಿನ ತೆಳು ಮಿಶ್ರಣವನ್ನು ಹೊತ್ತಿಸುವಷ್ಟು ಹೊತ್ತು ಅದು ನಿಲ್ಲುವುದಿಲ್ಲ. ಇರಿಡಿಯಂ ಪ್ಲಗ್ ಹಾಕಿ ನೋಡಿದ್ದೂ ಆಯಿತು, 0.6 ಮಿಲಿಮೀಟರಿನ ಗ್ಯಾಪನ್ನು 0.9ಕ್ಕೆ ಏರಿಸಿದ ಮಾಮೂಲಿ ಪ್ಲಗ್ಗಿಗಿಂತ ಏನೂ ಹೆಚ್ಚಿಲ್ಲ. ವ್ಯರ್ಥವಾದದ್ದೂ ಸೇರಿ ಒಟ್ಟು 14,000 ರೂಪಾಯಿಯಷ್ಟು ಖರ್ಚು. ಪಾಠದ ಫೀಸು ಕಳೆದರೆ 8,000ದಲ್ಲಿ ಮುಗಿಯುವ ಕೆಲಸ.

ನಮ್ಮ ಪೇಟೆಯ ಹಳೆಯ ಮೆಕ್ಯಾನಿಕ್ ಒಬ್ಬರ ಆಕ್ಷೇಪಕ್ಕೆ ಮಾತ್ರ ತೂಕವಿತ್ತು. “ಅಲ್ಲ ಮಾರಾಯ್ರೆ, ಪಾಯಿಂಟ್ ಆದರೆ ದಾರಿಬದಿಯಲ್ಲಿ ಎಮರಿ ಪೇಪರ್ ಉಜ್ಜಿ ಮನೆ ಸೇರಬಹುದು. ಈ ಪೆಟ್ಟಿಗೆ ಸತ್ತರೆ ಏನು ಉಜ್ಜುತ್ತೀರಿ?” ಎಂದರು. ಉತ್ತರ ಕಾರಿನಲ್ಲೇ ಇದೆ: ಕನೆಕ್ಟರ್ ಹಾಕಿದ ಮಾಡ್ಯೂಲೊಂದು ಡ್ಯಾಶ್‌ಬೋರ್ಡಿನ ಒಳಗೆ ಸದಾ ಇರುತ್ತದೆ, ಬದಲಿಸಲು ಹತ್ತು ನಿಮಿಷ ಬೇಡ. ಅವರು ಕಳೆದ ಜುಲೈಯಲ್ಲಿ ಗಾಡಿಯನ್ನು ತಾವೇ ಓಡಿಸಿ ನೋಡಿ, ಏನೂ ಹೇಳದೆ ಕೀ ಕೊಟ್ಟರು. ಅವರಿಂದ ಅಷ್ಟು ಸಿಕ್ಕರೆ ದೊಡ್ಡದು. ರಾತ್ರಿಯಿಡೀ ಮಳೆಯಲ್ಲಿ ನಿಂತರೂ ಬೆಳಿಗ್ಗೆ ಅರ್ಧ ಸುತ್ತಿಗೆ ಸ್ಟಾರ್ಟ್. ಪಾಣತ್ತೂರಿನಿಂದ ಕರಿಕೆಯಾಗಿ ಭಾಗಮಂಡಲಕ್ಕೆ ಹತ್ತುವ ದಾರಿಯಲ್ಲಿ, ಮೊದಲು ಸೆಕೆಂಡಿಗೆ ಇಳಿಯಬೇಕಾಗಿದ್ದ ಒಂದೆರಡು ಕಡೆ ಈಗ ಥರ್ಡಿನಲ್ಲೇ ಹೋಗುತ್ತದೆ. ಮೈಲೇಜ್ 11ರಿಂದ 12 ಚಿಲ್ಲರೆಗೆ ಏರಿದೆ, ಅದರಲ್ಲಿ ಹೊಸ ಬುಷ್ಷಿನ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳಲಾಗದು.

ಮಾಡಿಸಿಕೊಳ್ಳುವವರು ಒಂದು ವಿಷಯ ಗಮನದಲ್ಲಿಡಬೇಕು. ಪ್ರತಿ ಜೋಡಿಯಲ್ಲಿ ಒಂದು ಪ್ಲಗ್ಗಿಗೆ ಕರೆಂಟು ಉಲ್ಟಾ ದಿಕ್ಕಿನಲ್ಲಿ ಹಾಯುತ್ತದೆ. ಆದ್ದರಿಂದ ಒಂದರಲ್ಲಿ ನಡುವಿನ ಕಡ್ಡಿ ಸವೆದರೆ ಇನ್ನೊಂದರಲ್ಲಿ ಬದಿಯ ಕೊಕ್ಕೆ ಸವೆಯುತ್ತದೆ. ಸರ್ವಿಸಿನ ಹೊತ್ತಿಗೆ 1ರ ಪ್ಲಗ್ಗನ್ನು 4ಕ್ಕೂ 2ರದನ್ನು 3ಕ್ಕೂ ಅದಲುಬದಲು ಮಾಡಿದರೆ ನಾಲ್ಕೂ ಒಂದೇ ಸಮನೆ ಸವೆಯುತ್ತವೆ. ಡೈನಮೋ ಇರುವ ಹಳೆಯ ಗಾಡಿಯವರು ಮೊದಲು ಆಲ್ಟರ್ನೇಟರ್ ಹಾಕಿಸಿಕೊಂಡು ಆಮೇಲೆ ಇದಕ್ಕೆ ಕೈಹಾಕುವುದು ಒಳ್ಳೆಯದು.